ಇಲಿ ಕಡಿದ ನಾಣ್ಯ

ಮಾರ್ಚ್ 9

ಪ್ರೀತಿಯ ಹದ್ದುಗಣ್ಣ,

ನಾನು ಇದ್ದೇನೆ, ಚೆನ್ನಾಗಿಯೇ ಇದ್ದೇನೆ. ನಿನ್ನ ಮನೆಯಲ್ಲೂ ಎಲ್ಲರೂ ಆರೋಗ್ಯವಾಗಿರಲಿ. ಮೊದಲು ತಡವಾದದ್ದಕ್ಕೆ ಬೈದುಬಿಡು, ಆಮೇಲೆ ಓದು. ನಿನ್ನ ಕಾಗದವೂ ಪುಸ್ತಕವೂ ಬಂದು ಎರಡು ತಿಂಗಳ ಮೇಲೆ ಹತ್ತು ದಿನವಾಯಿತು. ಕಣ್ಣಿನ ಪೊರೆ ತೆಗೆಸಿದ್ದೆ, ಒಂದು ತಿಂಗಳು ಓದಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ತಡವಾದದ್ದಕ್ಕೆ ಇದು ಅರ್ಧ ಕಾರಣ. ಇನ್ನರ್ಧ ಮುಂದೆ ಬರುತ್ತದೆ.

ಹದ್ದುಗಣ್ಣ ಎಂದು ಕರೆದದ್ದಕ್ಕೆ ಬೇಸರವಿಲ್ಲ ತಾನೆ? ಪುಸ್ತಕದ ಹಿಂಬದಿಯಲ್ಲಿ ನಿನ್ನ ಫೋಟೊದ ಕೆಳಗೆ ‘ನಾಣ್ಯದೋಷ ತಜ್ಞರು’ ಎಂದು ಹಾಕಿದ್ದಾರೆ. ಹಳೆಯ ನಾಣ್ಯದ ಮೇಲಿನ ತಪ್ಪು ಟಂಕಸಾಲೆಯಲ್ಲೇ ಹುಟ್ಟಿದ್ದೋ, ಹೊರಗೆ ಯಾರೋ ಕೈಯಾಡಿಸಿ ಮಾಡಿದ್ದೋ ಎಂದು ತೀರ್ಪು ಹೇಳುವವನು ಈಗ ನೀನು. ಸಂತೋಷ. ಆದರೆ ನೀನು ತಪಾಸಣೆಯ ಮೇಜಿಗೆ ಬಂದ ಮೊದಲ ವಾರ, ಉರುಳಿ ಹೋಗುತ್ತಿದ್ದ ಸಾವಿರ ನಾಣ್ಯಗಳ ನಡುವಿನಿಂದ ಅಂಚು ಮುಕ್ಕಾದ ಒಂದನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಎತ್ತಿಟ್ಟೆಯಲ್ಲ, ಆವತ್ತು ಈ ಹೆಸರಿಟ್ಟವನು ನಾನು. ನನ್ನನ್ನು ಸುತ್ತಿಗೆ ಎಂದು ಕರೆದವನು ನೀನು. ಅಚ್ಚುಯಂತ್ರದ ಸದ್ದಿಗೆ ಕಿವಿ ಮಂದವಾಗಿ ನಾನು ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದೆನಂತೆ.

ನಾನೀಗ ಮಗಳ ಮನೆಯಲ್ಲಿದ್ದೇನೆ. ಅವಳು ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ, ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವ ಕೆಲಸ. ಅವಳು ಹೊರಟ ಮೇಲೆ ಮನೆಯಲ್ಲಿ ನಾನು, ಒಂದು ರೇಡಿಯೊ, ಒಂದು ಆರಾಮ ಕುರ್ಚಿ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಎರಡನೇ ಮುದ್ರಣಕ್ಕೆ ಹಳೆಯ ಯಂತ್ರದ ಮೇಲೆ ಒಂದು ಅಧ್ಯಾಯ ಸೇರಿಸುತ್ತೇನೆ, ಅದನ್ನು ಓಡಿಸಿದವರಲ್ಲಿ ಉಳಿದಿರುವವನು ನೀನೊಬ್ಬನೇ, ಅಣ್ಣ ಎಂದು ಬರೆದಿದ್ದೀಯ. ಬರೆದುಕೋ. ಲೋಹದ ಉದ್ದ ಪಟ್ಟಿಯನ್ನು ಒಂದು ಕೊಕ್ಕೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಎಳೆಯುತ್ತಿತ್ತು. ಪ್ರತಿ ಹೆಜ್ಜೆಗೂ ಮೇಲಿನಿಂದ ಉಳಿ ಬಿದ್ದು ದುಂಡನೆಯ ಬಿಲ್ಲೆಯೊಂದನ್ನು ಕತ್ತರಿಸುತ್ತಿತ್ತು. ಆ ಬಿಲ್ಲೆ ಪಕ್ಕದ ಯಂತ್ರಕ್ಕೆ ಹೋಗಿ ಅಚ್ಚು ಬಿದ್ದಾಗ ನಾಣ್ಯವಾಗುತ್ತಿತ್ತು. ಕೊಕ್ಕೆಯ ಹಲ್ಲು ಸವೆದರೆ ಪಟ್ಟಿ ಪೂರ್ತಿ ಹೆಜ್ಜೆ ಇಡುವುದಿಲ್ಲ, ಉಳಿ ಹಿಂದಿನ ತೂತಿನ ಮೇಲೆ ಕಾಲುಭಾಗ ಬೀಳುತ್ತದೆ. ಆಗ ಬಿಲ್ಲೆಯ ಒಂದು ಪಕ್ಕ ಯಾರೋ ಕಚ್ಚಿದ ಹಾಗೆ ಬಾಗಿ ಮುಕ್ಕಾಗುತ್ತದೆ. ನಾವು ಅದಕ್ಕೆ ‘ಇಲಿ ಕಡಿದದ್ದು’ ಎನ್ನುತ್ತಿದ್ದೆವು, ನೆನಪಿರಬೇಕು. ಹಲ್ಲು ಸವೆಯುತ್ತಿರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಟಕ್ ಟಕ್ ಎನ್ನುವ ಯಂತ್ರ ಟಕ್, ಸರ್ ಎನ್ನುತ್ತಿತ್ತು. ಇನ್ನೂ ಏನಾದರೂ ಬೇಕಿದ್ದರೆ ಕೇಳು, ಹೇಳುತ್ತೇನೆ.

ಈಗ ನಿನ್ನ ಪುಸ್ತಕದ ಅರವತ್ತೆರಡನೇ ಪುಟಕ್ಕೆ ಬರುತ್ತೇನೆ.

ಇಲಿ ಕಡಿದ ನಾಣ್ಯವನ್ನು ಗುರುತಿಸುವ ಬಗೆಯನ್ನು ಅಲ್ಲಿ ವಿವರಿಸಿದ್ದೀಯ. ‘ಗಾಯ ನೋಡಬೇಡಿ, ಗಾಯದ ಎದುರಿನ ಅಂಚು ನೋಡಿ.’ ಬಿಲ್ಲೆ ಹುಟ್ಟಿನಿಂದಲೇ ಮುಕ್ಕಾಗಿದ್ದರೆ, ಅಚ್ಚು ಬೀಳುವಾಗ ಆ ಕಡೆ ಲೋಹಕ್ಕೆ ಒತ್ತು ಸಿಗದೆ, ನೇರ ಎದುರುಗಡೆಯ ಅಂಚು ಎದ್ದು ನಿಲ್ಲದೆ ಮಂಕಾಗುತ್ತದೆ. ನಾಣ್ಯವಾದ ಮೇಲೆ ಯಾರಾದರೂ ಕತ್ತರಿಸಿದ್ದರೆ ಎದುರಿನ ಅಂಚಿಗೆ ಏನೂ ಆಗಿರುವುದಿಲ್ಲ, ಗಟ್ಟಿಯಾಗಿ ಇರುತ್ತದೆ. ಸರಿಯಾಗಿ ಬರೆದಿದ್ದೀಯ. ಊಟದ ಕೋಣೆಯ ಕಿಟಕಿಯ ಹತ್ತಿರ ಎರಡು ನಾಣ್ಯ ಇಟ್ಟುಕೊಂಡು ನಿನಗೆ ಇದನ್ನು ಹೇಳಿಕೊಟ್ಟವನು ನಾನು. ‘ನೋಡಬೇಡ’ ಎಂದದ್ದನ್ನು ‘ನೋಡಬೇಡಿ’ ಮಾಡಿದ್ದೀಯ. ಅಷ್ಟೇ ತಿದ್ದುಪಡಿ.

ಅದಕ್ಕೆ ನನ್ನ ತಕರಾರಿಲ್ಲ. ವಿದ್ಯೆ ಹಂಚಲಿಕ್ಕೇ ಇರುವುದು. ಆ ಮಾತಿನ ಕೆಳಗೆ ಒಂದು ಚಿತ್ರವಿದೆ. ಬೆಳ್ಳಿಯ ನಾಣ್ಯ, ಮೂರು ಹಾಯಿಯ ಹಡಗು, ಹಡಗಿನ ಹಿಂಭಾಗದಲ್ಲಿ ಇಲಿ ಕಡಿದ ಗುರುತು. ‘ನಿಜವಾದ ಟಂಕಸಾಲೆ ದೋಷ. ಎದುರಿನ ಅಂಚು ಮಂಕಾಗಿರುವುದನ್ನು ಗಮನಿಸಿ. ಲೇಖಕರ ಸಂಗ್ರಹದಿಂದ.’

ಮಗಳ ಭೂತಗನ್ನಡಿ ತೆಗೆದುಕೊಂಡು ನೋಡಿದೆ. ನಡುಹಾಯಿಯ ತುದಿಯಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ. ಅಚ್ಚಿನಲ್ಲಿ ಬಿರುಕು ಬಿಟ್ಟಾಗ ಬೀಳುವ ಗೆರೆ. ಆ ಬಿರುಕು ಹುಟ್ಟಿದ್ದು ಒಂದು ಮಂಗಳವಾರ ಮಧ್ಯಾಹ್ನ, ನನ್ನ ಯಂತ್ರದಲ್ಲಿ. ಸಂಜೆ ನಾನೇ ಆ ಅಚ್ಚನ್ನು ಬಿಚ್ಚಿ ಬೇರೆ ಹಾಕಿದೆ. ಆ ಮಧ್ಯಾಹ್ನಕ್ಕೂ ಸಂಜೆಗೂ ನಡುವೆ ಬಿದ್ದ ಇಲಿ ಕಡಿದ ನಾಣ್ಯಗಳು ಹನ್ನೊಂದು. ಕೊಕ್ಕೆ ಸವೆದಿದೆ ಎಂದು ಮೇಲ್ವಿಚಾರಕರಿಗೆ ಮೂರು ಸಲ ಹೇಳಿ ಬಾಯಿ ನೋಯಿಸಿಕೊಂಡಿದ್ದೆ. ನಾಲ್ಕನೇ ಸಲ ಬಾಯಿಮಾತು ಬೇಡ, ಕಣ್ಣಿಗೇ ತೋರಿಸೋಣ ಎಂದು ಹನ್ನೊಂದನ್ನೂ ಚಿಂದಿಬಟ್ಟೆಯಲ್ಲಿ ಸುತ್ತಿ ನನ್ನ ಸಲಕರಣೆ ಪೆಟ್ಟಿಗೆಯಲ್ಲಿಟ್ಟೆ. ಅದೇ ನಾನು ಮಾಡಿದ ತಪ್ಪು. ಮರುದಿನ ಬೆಳಿಗ್ಗೆ ಬೆಳ್ಳಿಯ ತೂಕ ಕಡಿಮೆ ಬಂತು, ಪೆಟ್ಟಿಗೆಗಳನ್ನು ಜಾಲಾಡಿದರು.

‘ಬೆಳ್ಳಿ ಚೂರು ಎಲ್ಲಿಟ್ಟಿದೀಯಾ?’ ಎಂದರು ಮೇಲ್ವಿಚಾರಕರು.

‘ಚೂರು ಇಲ್ಲ ಸಾರ್. ಬಿಲ್ಲೆನೇ ಹಾಗೆ ಬಂದಿದೆ. ಕೊಕ್ಕೆ ನೋಡಿ,’ ಎಂದೆ.

ಕೊಕ್ಕೆ ನೋಡಿದರೆ ಅವರ ಕೆಲಸ ಹೋಗುತ್ತಿತ್ತು. ಆ ತಿಂಗಳು ಯಂತ್ರ ಬಿಚ್ಚಿ ಸರಿಮಾಡಿಸಿದ್ದೇನೆ ಎಂದು ಸುಳ್ಳೇ ರುಜು ಹಾಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಹನ್ನೊಂದೂ ಪರೀಕ್ಷೆಗೆ ನಿನ್ನ ಮೇಜಿಗೆ ಬಂದವು. ನೀನು ಬರೆದ ವರದಿ ನನಗೆ ಇವತ್ತಿಗೂ ಬಾಯಿಪಾಠ. ‘ಹನ್ನೊಂದು ನಾಣ್ಯಗಳನ್ನು ಪರಿಶೀಲಿಸಲಾಯಿತು. ಅಚ್ಚಾದ ನಂತರ ಹರಿತವಾದ ಉಪಕರಣದಿಂದ ಕತ್ತರಿಸಲಾಗಿದೆ. ಯಂತ್ರದ ದೋಷವಲ್ಲ.’ ಕೆಳಗೆ ನಿನ್ನ ದುಂಡನೆಯ ರುಜು.

ಇಪ್ಪತ್ತೊಂಬತ್ತು ವರ್ಷ ನಾನು ಒಂದು ಸಮಾಧಾನ ಹೇಳಿಕೊಂಡು ಬಂದೆ. ಚಿಕ್ಕ ವಯಸ್ಸು, ಸುತ್ತ ನಾಲ್ಕು ಜನ ಅಧಿಕಾರಿಗಳು ನಿಂತಿದ್ದಾರೆ, ಗಾಬರಿಯಲ್ಲಿ ಎದುರಿನ ಅಂಚು ನೋಡುವುದನ್ನು ಮರೆತಿದ್ದಾನೆ. ತಪ್ಪು ಯಾರಿಗೆ ಆಗುವುದಿಲ್ಲ? ನಿನ್ನ ಪುಸ್ತಕ ಆ ಸಮಾಧಾನವನ್ನೂ ಕಿತ್ತುಕೊಂಡಿತು. ಹನ್ನೊಂದರಲ್ಲಿ ಹತ್ತು ಕುಲುಮೆಗೆ ಹೋದವು, ಒಂದು ನಿನ್ನ ಸಂಗ್ರಹಕ್ಕೆ ಬಂತು. ಯಾರೋ ಕತ್ತರಿಸಿ ಹಾಳುಮಾಡಿದ ನಾಣ್ಯವೆಂದು ನೀನು ನಂಬಿದ್ದರೆ ಅದನ್ನು ಇಟ್ಟುಕೊಳ್ಳುತ್ತಿದ್ದೆಯಾ? ಆವತ್ತೇ ನಿನಗೆ ಗೊತ್ತಿತ್ತು. ಬಾಗಿಲಲ್ಲಿ ದಿನಕ್ಕೆರಡು ಸಲ ಎಲ್ಲರ ಮೈ ತಡವುತ್ತಿದ್ದರಲ್ಲ, ಅದನ್ನು ದಾಟಿಸಿ ಹೇಗೆ ಹೊರಗೆ ತಂದೆ ಎಂದು ನಾನು ಕೇಳುವುದಿಲ್ಲ. ನಾನಂತೂ ಒಂದು ಮೊಳೆಯನ್ನೂ ತಂದವನಲ್ಲ.

ಮಗಳು ಸಂಜೆ ಬಂದಳು. ಪುಟ ತೋರಿಸಿ ಎಲ್ಲ ಹೇಳಿದೆ. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ ನಿಂತೇ ನೋಡಿದಳು.

‘ಅಪ್ಪಾ, ಎದುರುಗಡೆ ಅಂಚೇ ಇಲ್ವಲ್ಲ,’ ಎಂದಳು.

‘ಇಲ್ಲ.’

‘ಇಷ್ಟು ಸುಲಭವಾಗಿ ಕಾಣ್ಸುತ್ತಾ? ನಂಗೇ ಕಾಣ್ಸುತ್ತೆ.’

ಆಮೇಲೆ ಅಡುಗೆಮನೆಗೆ ಹೋದವಳು ಬಹಳ ಹೊತ್ತು ನಲ್ಲಿ ತಿರುಗಿಸಿ ಬಿಟ್ಟುಕೊಂಡಿದ್ದಳು. ನನ್ನನ್ನು ಕಳ್ಳನೆಂದು ಕೆಲಸದಿಂದ ತೆಗೆದಾಗ ಅವಳಿಗೆ ಹನ್ನೊಂದು ವರ್ಷ. ತರಗತಿಯಲ್ಲಿ ಯಾರದೋ ಪೆನ್ನು ಕಳೆದರೆ ಮೊದಲು ಇವಳ ಚೀಲ ಬಿಚ್ಚಿಸುತ್ತಿದ್ದರು. ನಾವು ಊರು ಬಿಟ್ಟೆವು, ಹೆಸರು ನಮ್ಮನ್ನು ಬಿಡಲಿಲ್ಲ. ಡಬ್ಬಿಗಳಿಗೆ ತಗಡಿನ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷ ಮುಚ್ಚಳ ಒತ್ತಿದೆ. ಅದೇ ಯಂತ್ರ, ಅದೇ ಸದ್ದು. ಮುಚ್ಚಳದಲ್ಲಿ ತಪ್ಪು ಬಿದ್ದರೆ ಯಾರೂ ಮಖಮಲ್ಲಿನ ಮೇಲಿಟ್ಟು ಪ್ರದರ್ಶಿಸುವುದಿಲ್ಲ, ಗುಜರಿಗೆ ಎಸೆಯುತ್ತಾರೆ. ಅಲ್ಲಿಗೂ ಸುದ್ದಿ ಬಂತು. ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆ ಏನೋ ಅಂದಳೆಂದು ನಿನ್ನ ಅತ್ತಿಗೆ ಸೌಟು ಹಿಡಿದೇ ಹೊರಗೆ ಹೋಗಿ, ‘ನನ್ನ ಗಂಡನ ವಿಷ್ಯ ಮಾತಾಡೋ ಮುಂಚೆ ನಿನ್ನ ಬಾಯಿ ತೊಳ್ಕೊಂಡು ಬಾ,’ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿ ಬಂದಳು. ಆಮೇಲೆ ನಮ್ಮ ಎದುರಿಗೆ ಯಾರೂ ಮಾತಾಡಲಿಲ್ಲ.

ನಿನ್ನಿಂದ ನನಗೆ ಬೇಕಾದದ್ದು ಮೂರು ವಾಕ್ಯ. ಎರಡನೇ ಮುದ್ರಣದಲ್ಲಿ ಆ ಚಿತ್ರದ ಕೆಳಗೆ ಹೀಗೆ ಹಾಕು: ‘ಈ ನಾಣ್ಯವನ್ನು ಕತ್ತರಿಸಿದನೆಂದು ಅಚ್ಚುಯಂತ್ರದ ಕೆಲಸಗಾರನೊಬ್ಬನನ್ನು ಹೊರಗೆ ಹಾಕಿದರು. ಹಾಗೆಂದು ವರದಿ ಬರೆದವನು ನಾನು. ಅವನು ಕತ್ತರಿಸಿರಲಿಲ್ಲ.’ ನನ್ನ ಹೆಸರು ಹಾಕಿದರೆ ಒಳ್ಳೆಯದು, ಹಾಕದಿದ್ದರೂ ಚಿಂತೆಯಿಲ್ಲ. ತಿಳಿಯಬೇಕಾದವರಿಗೆ ತಿಳಿಯುತ್ತದೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ
ಸುತ್ತಿಗೆ

ಮೇ 21

ಹದ್ದುಗಣ್ಣ,

ನನ್ನ ಕಾಗದಕ್ಕೆ ಕಾಗದ ಬರುತ್ತದೆ ಎಂದುಕೊಂಡಿದ್ದೆ. ನೀನು ಫೋನ್ ಮಾಡಿದೆ. ಬರೆದದ್ದು ಉಳಿಯುತ್ತದೆ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

‘ಆಗ ನನ್ನ ಕೆಲಸ ಖಾಯಂ ಆಗಿರ್ಲಿಲ್ಲ ಅಣ್ಣ. ಅವ್ರು ಏನು ಹೇಳಿದ್ರೋ ಅದನ್ನ ಬರ್ದೆ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೋ,’ ಎಂದೆ ನೀನು. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದೆ ನಾನು. ಕೇಳಿಸಿತ್ತು. ಎರಡು ಸಲ ಕೇಳಬೇಕೆನಿಸಿತು. ಪುಸ್ತಕದ ಮಾತು ತೆಗೆದಾಗ, ‘ನೋಡೋಣ, ಪ್ರಕಾಶಕರನ್ನ ಕೇಳ್ಬೇಕು, ಯೋಚ್ನೆ ಮಾಡ್ತೀನಿ,’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಆಮೇಲೆ ಉಳಿಯ ಅಳತೆ ಎಷ್ಟು, ನಿಮಿಷಕ್ಕೆ ಎಷ್ಟು ಬಿಲ್ಲೆ ಎಂದು ಕೇಳಿದೆ. ನಾನು ಅದಕ್ಕೂ ಉತ್ತರ ಹೇಳಿದೆ. ಯಂತ್ರದ ವಿಷಯ ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಈ ಎರಡು ತಿಂಗಳಲ್ಲಿ ನಾವೂ ಸುಮ್ಮನಿರಲಿಲ್ಲ. ಮಗಳು ರಜೆ ಹಾಕಿ ನನ್ನನ್ನು ಟಂಕಸಾಲೆಗೆ ಕರೆದುಕೊಂಡು ಹೋದಳು. ಹಳೆಯ ಗೇಟಿಲ್ಲ, ಗಾಜಿನ ಬಾಗಿಲು ಬಂದಿದೆ. ಒಳಗೆ ಬಿಡಲಿಲ್ಲ, ಹೊರಗಿನ ಕೋಣೆಯಲ್ಲಿ ಕೂರಿಸಿದರು. ಕಡತಗಳ ಗುಮಾಸ್ತೆ, ಮಗಳ ವಯಸ್ಸಿನವಳು, ಒಳ್ಳೆಯ ಹೆಂಗಸು. ನಾವು ಹೇಳಿದ ವರ್ಷವನ್ನು ಕಂಪ್ಯೂಟರಿನಲ್ಲಿ ಹುಡುಕಿದಳು.

‘ಶಿಸ್ತುಕ್ರಮದ ಫೈಲು ಇಪ್ಪತ್ತೈದು ವರ್ಷ ಆದ್ಮೇಲೆ ಇಡೋದಿಲ್ಲ ಅಂಕಲ್. ನಾಶ ಮಾಡ್ತಾರೆ.’

‘ಹಾಗಾದ್ರೆ ನಮ್ಮ ತಂದೆ ಮೇಲಿರೋ ಆರೋಪಾನೂ ನಾಶ ಆಯ್ತಾ?’ ಎಂದು ಮಗಳು ಕೇಳಿದಳು.

ಗುಮಾಸ್ತೆ ಮತ್ತೆ ಪರದೆ ನೋಡಿದಳು. ‘ಇಲ್ಲ. ಇದ್ರಲ್ಲಿ ಒಂದು ಸಾಲು ಇದೆ. ಕಳ್ಳತನಕ್ಕಾಗಿ ವಜಾ ಅಂತ. ಅದು ಮಾತ್ರ ಇರುತ್ತೆ. ಅದನ್ನ ಬದಲಾಯಿಸ್ಬೇಕು ಅಂದ್ರೆ ಫೈಲು ಬೇಕು.’

ಹೊರಗೆ ಬಂದ ಮೇಲೆ ಮಗಳು ಆಟೊ ಕರೆದಳು. ನಾನು ಸ್ವಲ್ಪ ಹೊತ್ತು ನಿಂತೆ. ಒಳಗಿನ ಸದ್ದು ಗೋಡೆ ದಾಟಿ ಬರುತ್ತಿತ್ತು. ಹೊಸ ಯಂತ್ರಗಳು, ಬಹಳ ಬೇಗ ಓಡುತ್ತವೆ, ಒಂದು ಹೊಡೆತವನ್ನು ಇನ್ನೊಂದರಿಂದ ಬಿಡಿಸಿ ಕೇಳಲಾಗುವುದಿಲ್ಲ.

ಹೋದ ಶನಿವಾರದ ಸಂಗತಿಯನ್ನು ಈಗ ಹೇಳುತ್ತೇನೆ. ನಾಣ್ಯ ಸಂಗ್ರಾಹಕರ ಸಂಘದಲ್ಲಿ ನಿನ್ನ ಉಪನ್ಯಾಸವಿದೆ ಎಂದು ಮಗಳು ಎಲ್ಲೋ ಓದಿ ಬಂದಳು. ಯಾರು ಬೇಕಾದರೂ ಹೋಗಬಹುದಿತ್ತು. ಹೋದೆವು. ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂತೆವು. ನೀನು ಚೆನ್ನಾಗಿ ಮಾತಾಡುತ್ತೀಯ, ಒಪ್ಪಬೇಕು. ಕೂದಲು ಪೂರ್ತಿ ಬೆಳ್ಳಗಾಗಿದೆ, ಸ್ವಲ್ಪ ಬಾಗಿದ್ದೀಯ, ಆದರೆ ಕಣ್ಣು ಅದೇ. ಎರಡು ಸಲ ಒತ್ತಿ ಅಕ್ಷರ ಜೋಡಿಯಾದ ನಾಣ್ಯ, ಅಚ್ಚು ಪಕ್ಕಕ್ಕೆ ಸರಿದು ಅರ್ಧಮುಖ ಮಾತ್ರ ಬಿದ್ದ ನಾಣ್ಯ, ಎಲ್ಲವನ್ನೂ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆ. ‘ಮನುಷ್ಯನ ಕಣ್ಣು ತಪ್ಪಿಸಿಕೊಂಡು ಬಂದಿದ್ದಕ್ಕೇ ಇವಕ್ಕೆ ಬೆಲೆ,’ ಎಂದೆ. ಜನ ನಕ್ಕರು.

ಆಮೇಲೆ ನಾಲ್ಕು ನಾಣ್ಯಗಳನ್ನು ಮಖಮಲ್ಲಿನ ತಟ್ಟೆಯಲ್ಲಿಟ್ಟು ಸಾಲಿನಿಂದ ಸಾಲಿಗೆ ದಾಟಿಸಿದೆ. ತಟ್ಟೆ ನಮ್ಮ ಸಾಲಿಗೆ ಬಂತು. ಮೂರನೆಯದು ಅದೇ. ಎತ್ತಿಕೊಂಡೆ. ಮೊದಲು ತೂಕ ಗೊತ್ತಾಯಿತು. ಆಮೇಲೆ ಉಗುರಿನಿಂದ ಎದುರಿನ ಅಂಚನ್ನು ತಡವಿದೆ. ಏನೂ ತಡೆಯಲಿಲ್ಲ, ಉಗುರು ನುಣ್ಣಗೆ ಜಾರಿಹೋಯಿತು. ಮಗಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು.

ಅಷ್ಟರಲ್ಲಿ ಮುಂದಿನ ಸಾಲಿನ ಕನ್ನಡಕದ ಹೆಂಗಸು ಎದ್ದು ಕೇಳಿದಳು. ‘ಸಾರ್, ಆ ಹಡಗಿನ ನಾಣ್ಯ ನಿಮಗೆ ಹೇಗೆ ಸಿಕ್ತು? ಇಂಥದ್ದು ಹೊರಗೆ ಬರೋದೇ ಇಲ್ವಂತೆ.’

ನೀನು ನಕ್ಕು ಹೇಳಿದೆ. ‘ಅಲ್ಲಿನ ಹಿರಿಯ ಕೆಲಸಗಾರರೊಬ್ರು ಪ್ರೀತಿಯಿಂದ ಕೊಟ್ಟಿದ್ದು.’

ನಾನು ಎದ್ದು ನಿಂತೆ. ಏನು ಹೇಳಲು ಎದ್ದೆನೋ ನನಗೇ ಗೊತ್ತಿರಲಿಲ್ಲ. ನೀನು ನೋಡಿದೆ. ಗುರುತು ಹಿಡಿದೆ. ಹಿಡಿಯಲಿಲ್ಲ ಎಂದು ಮಾತ್ರ ಹೇಳಬೇಡ, ನಿನ್ನ ಕಣ್ಣಿಗೆ ಹೆಸರಿಟ್ಟವನು ನಾನು. ನಿನ್ನ ಮಾತು ಒಂದು ಕ್ಷಣ ಎಡವಿತು. ಮೇಜಿನ ಮೇಲಿದ್ದ ನೀರು ಕುಡಿದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ‘ಹಿಂದಿನ ಸಾಲಿನ ಯಜಮಾನ್ರೇ, ನಾಣ್ಯ ಮುಂದಕ್ಕೆ ಕೊಡಿ. ಉಳಿದವ್ರೂ ನೋಡ್ಬೇಕಲ್ಲ.’

ಸಭೆಯೆಲ್ಲ ತಿರುಗಿ ನೋಡಿತು. ನಾನು ನಾಣ್ಯವನ್ನು ತಟ್ಟೆಯಲ್ಲಿಟ್ಟು ಪಕ್ಕದವರಿಗೆ ಕೊಟ್ಟು ಕೂತೆ.

ಮೆಟ್ಟಿಲಿಳಿಯುವಾಗ ಮಗಳು ಅಳುತ್ತಿದ್ದಳು. ಅವಳು ಸುಲಭಕ್ಕೆ ಅಳುವವಳಲ್ಲ. ‘ಯಾಕಪ್ಪಾ ಸುಮ್ನಿದ್ದೆ? ಒಂದು ಮಾತು ಆಡಿದ್ರೆ ಸಾಕಿತ್ತು.’

‘ಕೈಯಲ್ಲಿ ಬೆಳ್ಳಿ ನಾಣ್ಯ ಇತ್ತಲ್ಲಮ್ಮಾ,’ ಎಂದೆ. ‘ನಾನು ಬಾಯಿ ತೆಗೆದಿದ್ರೆ ಎಲ್ರೂ ಮೊದ್ಲು ನೋಡ್ತಿದ್ದಿದ್ದು ನನ್ನ ಕೈಯನ್ನ.’

ಒಂದು ಸಲ ಕಳ್ಳ ಎನ್ನಿಸಿಕೊಂಡವನಿಗೆ ಮಾತ್ರ ಗೊತ್ತಾಗುವ ವಿಷಯ ಇದು. ಅಂಗಡಿಯಲ್ಲಿ ನಾನು ಇವತ್ತಿಗೂ ಜೇಬಿಗೆ ಕೈ ಹಾಕಿ ನಿಲ್ಲುವುದಿಲ್ಲ.

ಇನ್ನೂ ಕಾಲ ಮಿಂಚಿಲ್ಲ. ಎರಡನೇ ಮುದ್ರಣ ಅಚ್ಚಿಗೆ ಹೋಗಿಲ್ಲ ಎಂದು ನೀನೇ ಸಭೆಯಲ್ಲಿ ಹೇಳಿದೆ. ಮೂರು ವಾಕ್ಯ. ನೀನು ಯೋಚನೆ ಮಾಡಿ ಮುಗಿಸುವವರೆಗೆ ಕಾಯುತ್ತೇನೆ, ಕಾಯುವುದು ನನಗೆ ರೂಢಿಯಾಗಿದೆ.

ಉಳಿಯ ಹಿಡಿ ಮರದ್ದೆಂದು ಫೋನಿನಲ್ಲಿ ನಾನು ತಪ್ಪು ಹೇಳಿದೆ. ಮರದ್ದಲ್ಲ, ಎರಕದ ಕಬ್ಬಿಣ. ತಿದ್ದಿಕೋ.

ಸುತ್ತಿಗೆ

ನವೆಂಬರ್ 30

ಹದ್ದುಗಣ್ಣ,

ನೀನು ಕಳಿಸಿದ ಎರಡನೇ ಮುದ್ರಣ ಕೈಸೇರಿತು. ಈ ಸಲ ತಡಮಾಡದೆ ಬರೆಯುತ್ತಿದ್ದೇನೆ. ಇದು ಕೊನೆಯ ಕಾಗದ, ಆದ್ದರಿಂದ ಸಾಲ ಉಳಿಸಿಕೊಳ್ಳುವುದು ಬೇಡ.

ಕಟ್ಟು ಬಿಚ್ಚುವಾಗ ಮಗಳೂ ನಾನೂ ಇಬ್ಬರೂ ಕೂತಿದ್ದೆವು. ರಟ್ಟು ಗಟ್ಟಿಯಾಗಿದೆ, ಕಾಗದ ಮೊದಲಿಗಿಂತ ಚೆನ್ನಾಗಿದೆ. ಮಗಳು ನೇರ ಅರವತ್ತೆರಡನೇ ಪುಟ ತೆಗೆದಳು. ನಾನು ಅವಳ ಮುಖ ನೋಡುತ್ತಿದ್ದೆ, ಪುಟ ನೋಡಲಿಲ್ಲ. ಅವಳು ಹಿಂದಿನ ಪುಟ ತಿರುವಿದಳು, ಮುಂದಿನ ಪುಟ ತಿರುವಿದಳು, ಆಮೇಲೆ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ಎದ್ದು ಹೋದಳು.

ಹಡಗಿನ ನಾಣ್ಯವೇ ಇಲ್ಲ. ಅದರ ಜಾಗದಲ್ಲಿ ತಾಮ್ರದ ಯಾವುದೋ ಪುಟ್ಟ ನಾಣ್ಯ. ಅದಕ್ಕೂ ಇಲಿ ಕಡಿದಿದೆ, ಅದರ ಎದುರಿನ ಅಂಚೂ ಮಂಕಾಗಿದೆ, ಪಾಪ, ಅದರದೇನೂ ತಪ್ಪಿಲ್ಲ. ನಿನ್ನ ಯೋಚನೆ ಕೊನೆಗೆ ಇಲ್ಲಿಗೆ ಬಂದು ನಿಂತಿತು. ಸತ್ಯ ಬರೆಯುವುದು ಕಷ್ಟ, ಸುಳ್ಳು ಉಳಿಸುವುದು ಅಪಾಯ, ಚಿತ್ರ ಬದಲಿಸುವುದು ಸುಲಭ. ಆ ನಾಣ್ಯವಿದ್ದಷ್ಟು ದಿನ ನನ್ನದೊಂದು ಸಾಕ್ಷಿ ಲೋಕದಲ್ಲಿತ್ತು, ಯಾರ ಕಪಾಟಿನಲ್ಲಾದರೂ ಸರಿ. ಈಗ ಅದು ಎಲ್ಲಿದೆ? ಕರಗಿಸಿದೆಯೋ, ಬಾವಿಗೆ ಹಾಕಿದೆಯೋ, ಇಲ್ಲ ಯಾರೂ ನೋಡದಾಗ ತೆಗೆದು ನೋಡುತ್ತೀಯೋ? ಮೊದಲ ಸಲ ನನ್ನನ್ನು ಹೊರಗೆ ಹಾಕುವಾಗ ನಿನಗೆ ಚಿಕ್ಕ ವಯಸ್ಸು, ಹಿಂದೆ ಅಧಿಕಾರಿಗಳು ನಿಂತಿದ್ದರು. ಈ ಸಲ ನಿನ್ನ ಹಿಂದೆ ಯಾರೂ ನಿಂತಿರಲಿಲ್ಲ.

ಯಂತ್ರದ ಅಧ್ಯಾಯ ಓದಿದೆ. ಒಂಬತ್ತು ಪುಟ. ಟಕ್, ಸರ್ ಎನ್ನುವ ಸದ್ದನ್ನೂ ಹಾಕಿದ್ದೀಯ. ಎರಕದ ಕಬ್ಬಿಣ ಎಂದು ತಿದ್ದಿದ್ದೀಯ. ಕೊಕ್ಕೆ ಸವೆದರೆ ಮೇಲ್ವಿಚಾರಕರಿಗೆ ಕೂಡಲೇ ತಿಳಿಸುವುದು ಕೆಲಸಗಾರನ ಕರ್ತವ್ಯವಾಗಿತ್ತು ಎಂದೂ ಬರೆದಿದ್ದೀಯ. ಆ ವಾಕ್ಯ ಬರೆಯುವಾಗ ನಿನ್ನ ಕೈ ನಿಲ್ಲಲಿಲ್ಲವಾ? ಕೊನೆಯ ಪುಟದ ಕೃತಜ್ಞತೆಯಲ್ಲಿ ನನ್ನ ಪೂರ್ತಿ ಹೆಸರಿದೆ. ಫೋಟೊ ತೆಗೆದವನಿಗೂ ಬೈಂಡಿಂಗ್ ಮಾಡಿದವನಿಗೂ ಮಧ್ಯೆ. ಅಕ್ಷರ ತಪ್ಪಿಲ್ಲದೆ ಬಂದಿದೆ.

ಮಗಳು ಬಿಡಲಿಲ್ಲ. ಹಳೆಯ ಪುಸ್ತಕದ ಚಿತ್ರ, ಹೊಸ ಪುಸ್ತಕದ ಚಿತ್ರ ಎರಡನ್ನೂ ಜೊತೆಗಿಟ್ಟು, ನಡೆದದ್ದನ್ನೆಲ್ಲ ಬರೆದು ನಿಮ್ಮ ಸಂಘಕ್ಕೆ ಕಳಿಸಿದಳು. ಕಾರ್ಯದರ್ಶಿಗಳ ಉತ್ತರ ಬಂತು. ‘ನಮ್ಮ ಸಂಘವು ನಾಣ್ಯಗಳ ದೋಷಗಳನ್ನು ಮಾತ್ರ ಪರಿಶೀಲಿಸುತ್ತದೆ. ವ್ಯಕ್ತಿಗಳ ವಿಚಾರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.’ ಮಗಳು ಓದಿ ಸಿಟ್ಟಾದಳು. ನನಗೆ ನಗು ಬಂತು. ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಕೆಮ್ಮು ಬಂದು ಅವಳು ಬೆನ್ನು ನೀವಬೇಕಾಯಿತು.

‘ಇನ್ನು ಸಾಕಮ್ಮಾ,’ ಎಂದೆ.

‘ನಂಗೆ ಸಾಕಾಗಿಲ್ಲ,’ ಎಂದಳು. ಅವಳ ತಾಯಿಯ ಗತ್ತು.

ಅವಳು ಮುಂದೆ ಎಲ್ಲಿಗೆ ಬರೆಯುತ್ತಾಳೋ, ಯಾರ ಬಾಗಿಲು ತಟ್ಟುತ್ತಾಳೋ ನಾನು ತಡೆಯುವುದಿಲ್ಲ. ನನ್ನ ಮಟ್ಟಿಗೆ ಹೇಳಬೇಕೆಂದರೆ, ನೀನು ಹೊಟ್ಟೆಗೆ ಹಾಕ್ಕೋ ಎಂದೆಯಲ್ಲ, ನನಗೆ ಆಗಲಿಲ್ಲ. ಪ್ರಯತ್ನ ಮಾಡಿದೆ. ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಆದಂತೆ ಅನಿಸುತ್ತದೆ, ಟೀ ಕುಡಿಯುವಷ್ಟರಲ್ಲಿ ಆಗುವುದಿಲ್ಲ ಎಂದು ಗೊತ್ತಾಗುತ್ತದೆ. ದೊಡ್ಡ ಮನಸ್ಸು ಇರುವವರು ಮಾಡುತ್ತಾರೇನೋ. ನಾನು ಯಂತ್ರದ ಮುಂದೆ ನಿಂತು ಆಯುಷ್ಯ ಕಳೆದವನು, ನನ್ನ ಮನಸ್ಸು ಇದ್ದಷ್ಟೇ ಇದೆ.

ನಿನಗೆ ಮೊಮ್ಮಗಳು ಹುಟ್ಟಿದಳೆಂದು ಪುಸ್ತಕದ ಜೊತೆಗಿನ ಚೀಟಿಯಲ್ಲಿ ಬರೆದಿದ್ದೆ. ಮಗು ನೂರು ಕಾಲ ಬಾಳಲಿ, ವಿದ್ಯೆ ಹತ್ತಲಿ, ಅವಳ ಚೀಲವನ್ನು ಯಾರೂ ಯಾವತ್ತೂ ಬಿಚ್ಚಿಸದಿರಲಿ. ಈ ಆಶೀರ್ವಾದದಲ್ಲಿ ಕಹಿ ಇಲ್ಲ. ನಿನಗೂ ನನಗೂ ಇರುವ ಲೆಕ್ಕದಲ್ಲಿ ಅವಳ ಪಾಲು ಏನೂ ಇಲ್ಲ.

ಸುತ್ತಿಗೆ

ತಾ.ಕ.: ನೀನು ಮೊದಲ ಕಾಗದದಲ್ಲೂ ಕೇಳಿದೆ, ಫೋನಿನಲ್ಲೂ ಕೇಳಿದೆ, ಅತ್ತಿಗೆ ಹೇಗಿದ್ದಾರೆ ಎಂದು. ನಾನು ಎರಡು ಸಲವೂ ಹಾರಿಸಿದೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ನಿನ್ನ ಪುಸ್ತಕ ಮೊದಲು ಅಚ್ಚಾಗಿ ಏಳು ವರ್ಷವಾಯಿತು. ಒಳಪುಟದಲ್ಲಿ ವರ್ಷ ಹಾಕಿದ್ದಾರೆ, ಲೆಕ್ಕ ಹಾಕಿದೆ. ಮೂರು ವರ್ಷ ಅವಳೂ ಇದ್ದಳು, ಆ ಪುಸ್ತಕವೂ ಇತ್ತು. ನಿನಗೆ ಯಂತ್ರದ ಅಧ್ಯಾಯ ಬೇಕಾಗುವವರೆಗೆ ನನ್ನ ವಿಳಾಸ ನೆನಪಾಗಲಿಲ್ಲ.

ಹೋಗುವ ಎರಡು ದಿನ ಮುಂಚೆ, ಆಸ್ಪತ್ರೆಯಲ್ಲಿ, ಮಧ್ಯಾಹ್ನ. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ನಿನ್ನ ಅತ್ತಿಗೆ ನನ್ನನ್ನು ಹತ್ತಿರ ಕರೆದಳು. ‘ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಬೆಳ್ಳಿ ವಿಷ್ಯ. ನೀವು ಹಾಗೆ ಮಾಡಿದ್ದು ನಮಗೋಸ್ಕರಾನೇ ಅಂತ ನಂಗೊತ್ತು. ನಾನು ಯಾವತ್ತೋ ಕ್ಷಮಿಸಿಬಿಟ್ಟಿದೀನಿ. ನೀವು ಅದನ್ನ ಮನಸ್ಸಲ್ಲಿ ಇಟ್ಕೊಂಡು ಕೊರಗ್ಬೇಡಿ.’

ಇಪ್ಪತ್ತೈದು ವರ್ಷ ನನ್ನ ಪರವಾಗಿ ಊರಿನವರೆಲ್ಲರ ಜೊತೆ ಜಗಳವಾಡಿದವಳು. ಅಷ್ಟೂ ವರ್ಷ, ನಾನು ಕದ್ದಿದ್ದೇನೆ ಎಂದುಕೊಂಡೇ ಜಗಳವಾಡಿದ್ದಳು.

‘ನಾನು ಮಾಡ್ಲಿಲ್ಲ ಕಣೇ,’ ಎಂದೆ.

ಸುಳ್ಳು ಹೇಳುವ ಮಗುವಿನ ಕೈ ತಟ್ಟುವ ಹಾಗೆ ನನ್ನ ಕೈ ತಟ್ಟಿದಳು. ‘ಆಯ್ತು ಬಿಡಿ,’ ಎಂದು ಆ ಕಡೆ ತಿರುಗಿ ಮಲಗಿದಳು.